ಕರ್ನೆಲ್ ಮಟ್ಟದ ದೋಷಶೋಧನೆ: 2008ರ ಇ1000ಇ ಜಾಲಚಾಲಕ ಪ್ರಕರಣದ ಒಂದು ವಿವೇಚನೆ

ಪೀಠಿಕೆ

ಗಣಕ ತಂತ್ರಾಂಶದಲ್ಲಿ ದೋಷವೊಂದು ಎಲ್ಲಿ ಕಾಣಿಸಿಕೊಳ್ಳುತ್ತದೆಯೋ ಅದರ ಕಾರಣವೂ ಅಲ್ಲಿಯೇ ಇರಬೇಕೆಂದು ಭಾವಿಸುವುದು ಸಹಜ. ಬಳಕೆದಾರರು ನೇರವಾಗಿ ಉಪಯೋಗಿಸುವ ಆನ್ವಯಿಕ ತಂತ್ರಾಂಶಗಳ ಮಟ್ಟಿಗೆ ಈ ಊಹೆ ಬಹುಪಾಲು ನಿಜವಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಮಾತ್ರ ಇದೇ ಊಹೆ ಶೋಧಕನನ್ನು ದಾರಿ ತಪ್ಪಿಸಬಲ್ಲದು. ಅಲ್ಲಿ ಹಾನಿಗೊಳಗಾದ ಭಾಗ ಒಂದು, ಹಾನಿ ಮಾಡಿದ ಭಾಗ ಇನ್ನೊಂದು ಆಗಿರುವ ಸಂಭವ ಸದಾ ಇರುತ್ತದೆ.

ಈ ಮಾತಿಗೆ 2008ರಲ್ಲಿ ಲಿನಕ್ಸ್ ಕರ್ನೆಲ್‌ನ ಇ1000ಇ ಎಂಬ ಜಾಲಚಾಲಕಕ್ಕೆ ಸಂಬಂಧಿಸಿದಂತೆ ನಡೆದ ಪ್ರಕರಣವು ಸಮರ್ಪಕವಾದ ನಿದರ್ಶನವನ್ನು ಒದಗಿಸುತ್ತದೆ. ಸಾಮಾನ್ಯವಾಗಿ ತಂತ್ರಾಂಶದ ದೋಷದಿಂದ ಗಣಕ ಸ್ಥಗಿತಗೊಳ್ಳಬಹುದು, ಮಾಹಿತಿ ನಷ್ಟವಾಗಬಹುದು; ಮರುಚಾಲನೆಯಿಂದ ಯಂತ್ರವು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಈ ಪ್ರಕರಣದಲ್ಲಾದರೋ ಜಾಲಸಾಧನವೇ ನಿರುಪಯುಕ್ತವಾಗುತ್ತಿತ್ತು. ದೋಷದ ಕಾರಣವನ್ನು ಹುಡುಕಲು ನಡೆಸುವ ಪ್ರತಿಯೊಂದು ಪ್ರಯೋಗವೂ ಒಂದು ಸಾಧನವನ್ನು ಬಲಿಗೊಡುವ ಸಾಧ್ಯತೆಯನ್ನು ಒಳಗೊಂಡಿತ್ತು. ಇಂತಹ ಸನ್ನಿವೇಶದಲ್ಲಿ ಶೋಧನೆ ಸಾಗಿದ ಬಗೆ, ಅದರ ತೊಡಕುಗಳು ಹಾಗೂ ಅದು ಕಲಿಸುವ ಪಾಠಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಕರ್ನೆಲ್ ಮತ್ತು ಜಾಲಚಾಲಕ

ಯಂತ್ರಾಂಶಕ್ಕೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು ಪ್ರೊಸೆಸರ್, ಸ್ಮೃತಿ ಹಾಗೂ ಸಾಧನಗಳ ಹಂಚಿಕೆಯನ್ನು ನಿರ್ವಹಿಸುವ ಭಾಗವೇ ಕರ್ನೆಲ್. ನಿರ್ದಿಷ್ಟ ಸಾಧನವೊಂದರ ಭಾಷೆಯನ್ನು ಅರಿತು ಅದರೊಡನೆ ವ್ಯವಹರಿಸುವ ಕರ್ನೆಲ್‌ನ ಅಂಗಕ್ಕೆ ಚಾಲಕ ಅಥವಾ ಡ್ರೈವರ್ ಎಂದು ಹೆಸರು. ಜಾಲಸಾಧನವನ್ನು ನಡೆಸುವ ಚಾಲಕವನ್ನು ಈ ಲೇಖನದಲ್ಲಿ ಜಾಲಚಾಲಕವೆಂದು ಕರೆಯಲಾಗಿದೆ.

ಜಾಲಚಾಲಕದ ಕೆಲಸ ಮೇಲುನೋಟಕ್ಕೆ ಸರಳ. ಕಳುಹಿಸಬೇಕಾದ ಮಾಹಿತಿಯ ಕಟ್ಟುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಅದು ಸ್ಮೃತಿಯಲ್ಲಿ ಸಿದ್ಧಪಡಿಸಿ ಅವು ಇರುವ ವಿಳಾಸಗಳನ್ನು ಉಂಗುರದಾಕಾರದ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಸಾಧನವು ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ ಸ್ಮೃತಿಯಿಂದ ಅವುಗಳನ್ನು ಓದಿಕೊಂಡು ತಂತಿಯ ಮೇಲೆ ಕಳುಹಿಸುತ್ತದೆ. ಬಂದ ಪ್ಯಾಕೆಟ್‌ಗಳನ್ನು ಇದೇ ರೀತಿಯಲ್ಲಿ ಸ್ಮೃತಿಗೆ ಬರೆದು ‘ಇಂಟರಪ್ಟ್’ ಎಂಬ ಸಂಕೇತದ ಮೂಲಕ ಪ್ರೊಸೆಸರಿನ ಗಮನ ಸೆಳೆಯುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಈಥರ್‌ನೆಟ್ ಜಾಲದಲ್ಲಿ ಅತಿ ಚಿಕ್ಕ ಗಾತ್ರದ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 14.88 ಲಕ್ಷದವರೆಗೆ ಬರಬಹುದು; ಒಂದೊಂದಕ್ಕೂ ದೊರೆಯುವ ಅವಧಿ 672 ನ್ಯಾನೋಸೆಕೆಂಡು ಮಾತ್ರ. ಹೀಗೆ ಸಾಧನ, ಇಂಟರಪ್ಟ್ ನಿರ್ವಹಣೆ ಮತ್ತು ಸಾಮಾನ್ಯ ಕಾರ್ಯಗತಿ ಎಂಬ ಮೂರು ಚಟುವಟಿಕೆಗಳು ಏಕಕಾಲದಲ್ಲಿ ಒಂದೇ ದತ್ತಾಂಶವನ್ನು ಮುಟ್ಟುತ್ತಿರುತ್ತವೆ. ದೋಷ ಪತ್ತೆಗೆಂದು ಸಂದೇಶವೊಂದನ್ನು ಮುದ್ರಿಸುವ ಸೂಚನೆ ಸೇರಿಸಿದರೂ ಕಾಲದ ಲೆಕ್ಕ ಬದಲಾಗಿ ದೋಷವೇ ಮರೆಯಾಗುವುದುಂಟು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಲಿನಕ್ಸ್ ಕರ್ನೆಲ್ ಏಕಶಿಲಾ ಮಾದರಿಯದು. ಅದರ ಚಾಲಕಗಳು, ಕಡತ ವ್ಯವಸ್ಥೆಗಳು, ಅನುಶೋಧನೆಯ ಸಾಧನಗಳು ಎಲ್ಲವೂ ಒಂದೇ ವಿಳಾಸಪ್ರದೇಶದಲ್ಲಿ ವಾಸಿಸುತ್ತವೆ. ಬಳಕೆದಾರರ ತಂತ್ರಾಂಶಗಳ ನಡುವೆ ಇರುವಂತಹ ರಕ್ಷಣೆಯ ಗೋಡೆ ಇವುಗಳ ನಡುವೆ ಇಲ್ಲ. ಒಂದು ಭಾಗವು ತಪ್ಪು ವಿಳಾಸಕ್ಕೆ ಬರೆದರೆ ಅದು ಇನ್ನಾವುದೋ ಭಾಗದ ಸ್ವತ್ತನ್ನು ಕೆಡಿಸಬಲ್ಲದು. ಮುಂದೆ ವಿವರಿಸಲಿರುವ ಪ್ರಕರಣದ ಬೇರು ಇರುವುದು ಈ ವಿನ್ಯಾಸದಲ್ಲಿಯೇ.

2. ದೋಷದ ಸ್ವರೂಪ

ಇಂಟೆಲ್ ಸಂಸ್ಥೆಯ ಪಿಸಿಐ ಎಕ್ಸ್‌ಪ್ರೆಸ್ ಮಾದರಿಯ ಗಿಗಾಬಿಟ್ ಸಾಧನಗಳಿಗಾಗಿ ರೂಪುಗೊಂಡ ಇ1000ಇ ಚಾಲಕವು ಕರ್ನೆಲ್‌ನ 2.6.24ನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. 2008ರ ಜುಲೈ ಕೊನೆಯಲ್ಲಿ 2.6.27ನೆಯ ಆವೃತ್ತಿಯ ಮೊದಲ ಬಿಡುಗಡೆಪೂರ್ವ ಕರಡು ಹೊರಬಂದಿತು. ಆ ಕರಡುಗಳನ್ನು ಆಧರಿಸಿದ ಪರೀಕ್ಷಾ ವಿತರಣೆಗಳನ್ನು ಬಳಸಿದ ಕೆಲವರ ಗಣಕಗಳಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜಾಲಸಂಪರ್ಕ ಇದ್ದಕ್ಕಿದ್ದಂತೆ ಕಡಿದುಹೋಯಿತು. ಹಳೆಯ ಕರ್ನೆಲ್‌ಗೆ ಮರಳಿದರೂ ಅದು ಸರಿಹೋಗಲಿಲ್ಲ. ಸ್ಥಿರಸ್ಮೃತಿಯ ಮೊತ್ತ ಸರಿಯಿಲ್ಲವೆಂಬ ಸಂದೇಶವನ್ನು ನೀಡಿ ಚಾಲಕವು ಸಾಧನವನ್ನು ಸ್ವೀಕರಿಸಲು ನಿರಾಕರಿಸುತ್ತಿತ್ತು.

ಈ ಸಂದೇಶದ ಅರ್ಥವನ್ನು ತಿಳಿಯಲು ಸಾಧನದ ರಚನೆಯನ್ನು ಸ್ವಲ್ಪ ಗಮನಿಸಬೇಕು. ವಿದ್ಯುತ್ ಇಲ್ಲದಿದ್ದರೂ ಅಳಿಯದೆ ಉಳಿಯುವ ಸ್ಥಿರಸ್ಮೃತಿಯೊಂದು ಪ್ರತಿಯೊಂದು ಜಾಲಸಾಧನಕ್ಕೂ ಇರುತ್ತದೆ. ಸಾಧನದ 48 ಬಿಟ್‌ಗಳ ವಿಶಿಷ್ಟ ಮ್ಯಾಕ್ ವಿಳಾಸ, ಅದರ ಗುರುತಿನ ಸಂಖ್ಯೆಗಳು ಮತ್ತು ಆರಂಭಿಕ ಹೊಂದಾಣಿಕೆಯ ವಿವರಗಳು ಅದರಲ್ಲಿ ಬರೆಯಲ್ಪಟ್ಟಿರುತ್ತವೆ. ಇಂಟೆಲ್ ಸಾಧನಗಳಲ್ಲಿ ಮೊದಲ 64 ಪದಗಳ (ಒಂದೊಂದೂ 16 ಬಿಟ್) ಮೊತ್ತದ ಕೊನೆಯ 16 ಬಿಟ್‌ಗಳು ದಶಮಾನದಲ್ಲಿ 47802 ಎಂಬ ಸಂಖ್ಯೆಗೆ ಸಮನಾಗಿರಬೇಕೆಂಬ ನಿಯಮವಿದೆ. ಚಾಲಕವು ಮೊದಲು ಈ ಮೊತ್ತವನ್ನು ಪರಿಶೀಲಿಸುತ್ತದೆ. ಹಾನಿಗೊಳಗಾದ ಗಣಕಗಳಲ್ಲಿ ಈ ಸ್ಥಿರಸ್ಮೃತಿಯ ಬರಹವೇ ಕೆಟ್ಟುಹೋಗಿತ್ತು. ಅದನ್ನು ತಿದ್ದುವ ಸಾಮಾನ್ಯ ಉಪಕರಣವು ಚಾಲಕದ ಮೂಲಕವೇ ಕೆಲಸ ಮಾಡುವಂಥದು. ಚಾಲಕವೋ ಸಾಧನವನ್ನು ಒಪ್ಪಿಕೊಳ್ಳುವುದೇ ಇಲ್ಲ. ಆದುದರಿಂದ ಸಾಮಾನ್ಯ ಬಳಕೆದಾರರ ಪಾಲಿಗೆ ಆ ಸಾಧನ ಸತ್ತಂತೆಯೇ ಸರಿ.

3. ಶೋಧನೆಯ ತೊಡಕುಗಳು

ಕರ್ನೆಲ್ ಅಭಿವೃದ್ಧಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ದೋಷವನ್ನು ಪತ್ತೆಹಚ್ಚಲು ಅರ್ಧೀಕರಣ ವಿಧಾನವು ರೂಢಿಯಲ್ಲಿದೆ. ಸರಿಯಾಗಿದ್ದ ಆವೃತ್ತಿ ಮತ್ತು ಕೆಟ್ಟ ಆವೃತ್ತಿಗಳ ನಡುವಣ ಬದಲಾವಣೆಗಳನ್ನು ಎರಡಾಗಿ ವಿಭಾಗಿಸಿ, ಮಧ್ಯದ ಆವೃತ್ತಿಯನ್ನು ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮಾತ್ರ ಉಳಿಸಿಕೊಳ್ಳುತ್ತ ಹೋಗುವುದು ಇದರ ಕ್ರಮ. ಹತ್ತು ಸಾವಿರ ಬದಲಾವಣೆಗಳಿದ್ದರೂ ಹೆಚ್ಚೆಂದರೆ 14 ಪರೀಕ್ಷೆಗಳಲ್ಲಿ ದೋಷಕಾರಕ ಬದಲಾವಣೆ ಸಿಗಬೇಕು.

ಇ1000ಇ ಪ್ರಕರಣದಲ್ಲಿ ಈ ವಿಧಾನಕ್ಕೆ ಎರಡು ಅಡ್ಡಿಗಳಿದ್ದವು. ದೋಷ ಪ್ರಕಟವಾದ ಪ್ರತಿ ಸಲವೂ ಒಂದು ಸಾಧನ ಹಾಳಾಗುತ್ತಿತ್ತು. ಮುಂಚೆಯೇ ಉಳಿಸಿಟ್ಟ ಪ್ರತಿಯಿಂದ ಅದನ್ನು ಪುನಃಸ್ಥಾಪಿಸಿದ ಹೊರತು ಮುಂದಿನ ಪರೀಕ್ಷೆ ಅಸಾಧ್ಯವಾಗಿತ್ತು. ಇದಕ್ಕಿಂತ ಕಠಿನವಾದುದು ಎರಡನೆಯ ಅಡ್ಡಿ. ದೋಷವು ಪ್ರತಿ ಚಾಲನೆಯಲ್ಲೂ ಕಾಣಿಸಿಕೊಳ್ಳುತ್ತಿರಲಿಲ್ಲ. ‘ಕೆಟ್ಟಿತು’ ಎಂಬ ಫಲಿತಾಂಶ ನಂಬಲರ್ಹವಾದುದು. ‘ಕೆಡಲಿಲ್ಲ’ ಎಂಬುದಾದರೋ ಆ ಆವೃತ್ತಿ ನಿರ್ದೋಷಿ ಎಂಬುದಕ್ಕೆ ಪ್ರಮಾಣವಲ್ಲ. ಅರ್ಧೀಕರಣದ ಒಂದೇ ಒಂದು ಹಂತದಲ್ಲಿ ದೋಷವು ಆಕಸ್ಮಿಕವಾಗಿ ಮರೆಯಾದರೂ ಮುಂದಿನ ಹಂತಗಳೆಲ್ಲ ತಪ್ಪು ಅರ್ಧದಲ್ಲಿಯೇ ಸಾಗುತ್ತವೆ.

4. ಸಂಶಯದ ಹಾದಿ

ಮೊದಲ ಸಂಶಯ ಸಹಜವಾಗಿಯೇ ಚಾಲಕದ ಮೇಲೆ ಬಿದ್ದಿತು. ಸ್ಥಿರಸ್ಮೃತಿಗೆ ಬರೆಯುವ ಕ್ರಮವಿಧಿಯನ್ನು ಅರಿತಿರುವುದು ಕರ್ನೆಲ್‌ನಲ್ಲಿ ಅದೊಂದೇ. ಹಾನಿಗೊಳಗಾದ ಸಾಧನಗಳು ಇಂಟೆಲ್‌ನ ಐಸಿಎಚ್8 ಮತ್ತು ಐಸಿಎಚ್9 ಕುಟುಂಬಕ್ಕೆ ಸೇರಿದವು. ಅವುಗಳ ಸ್ಥಿರಸ್ಮೃತಿಯು ಪ್ರತ್ಯೇಕ ಚಿಪ್ ಆಗಿರದೆ ಮುಖ್ಯಫಲಕದ ಫ್ಲಾಶ್ ಚಿಪ್‌ನ ಒಂದು ವಲಯವಾಗಿರುತ್ತದೆ. ಚಾಲಕ, ಯಂತ್ರಾಂಶ ಮತ್ತು ಫಲಕದೊಳಗಿನ ನಿರ್ವಹಣಾ ತಂತ್ರಾಂಶಗಳು ಅದನ್ನು ಸರದಿಯಂತೆ ಬಳಸಬೇಕು. ಈ ಸರದಿಯನ್ನು ಕಾಯಲು ಒಂದು ಸೂಚಕಧ್ವಜವಿದೆ. ಎರಡು ಕಾರ್ಯಗತಿಗಳು ಒಮ್ಮೆಗೇ ಒಳನುಗ್ಗಿದರೆ ಬರಹ ಕೆಡಬಹುದೆಂಬ ಊಹೆ ತರ್ಕಬದ್ಧವಾಗಿಯೇ ಇತ್ತು.

ಈ ಊಹೆಯನ್ನು ಪರೀಕ್ಷಿಸಲು ಥಾಮಸ್ ಗ್ಲೈಕ್ಸ್‌ನರ್ ಒಂದು ಬೀಗದ ವ್ಯವಸ್ಥೆಯನ್ನು ಚಾಲಕಕ್ಕೆ ಸೇರಿಸಿದರು. ಇಬ್ಬರು ಒಂದೇ ವೇಳೆಗೆ ಆ ಬೀಗಕ್ಕಾಗಿ ಬಂದರೆ ಅದರ ವರದಿ ದಾಖಲಾಗುವಂತಿತ್ತು. ಕರ್ನೆಲ್‌ನ ಬೀಗಪರಿಶೀಲಕದ ನೆರವೂ ಜೊತೆಗೂಡಿ ಹಲವು ನಿಜವಾದ ದೋಷಗಳು ಬೆಳಕಿಗೆ ಬಂದವು. ಇಂಟರಪ್ಟ್ ನಿರ್ವಹಣೆಯ ನಡುವೆ ನಿದ್ರಿಸುವ ಕಾರ್ಯವೊಂದು ಕರೆಯಲ್ಪಡುತ್ತಿದ್ದುದು, ಸಾಧನವನ್ನು ಪುನರಾರಂಭಿಸಿದ ಮೇಲೆ ಸೂಚಕಧ್ವಜವನ್ನು ಸರಿಪಡಿಸದೆ ಬಿಟ್ಟಿದ್ದುದು ಮೊದಲಾದವನ್ನು ತಿದ್ದಲಾಯಿತು. ಆದರೂ ಇವುಗಳಲ್ಲಿ ಯಾವುದೂ ಮೂಲಕಾರಣವಾಗಿರಲಿಲ್ಲ. ದೋಷಶೋಧನೆಯಲ್ಲಿ ಎಚ್ಚರ ತಪ್ಪುವುದು ಇಂತಹ ಘಟ್ಟದಲ್ಲಿಯೇ. ಹುಡುಕುವ ಜಾಗದಲ್ಲಿ ಒಂದು ತಪ್ಪು ಸಿಕ್ಕಿದೊಡನೆ, ಹುಡುಕುತ್ತಿದ್ದ ತಪ್ಪು ಅದೇ ಎಂದು ತೀರ್ಮಾನಿಸುವ ಒಲವು ಪ್ರಬಲವಾಗಿರುತ್ತದೆ. ಸಿಕ್ಕ ತಪ್ಪಿನಿಂದ ಕಂಡ ಹಾನಿ ಹೇಗೆ ಉಂಟಾಯಿತೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಲು ಸಾಧ್ಯವಾಗದ ತನಕ ಶೋಧನೆ ಮುಗಿದಿಲ್ಲವೆಂದೇ ಭಾವಿಸಬೇಕು.

ಚಿತ್ರಪ್ರದರ್ಶನದ ವ್ಯವಸ್ಥೆ ಕುಸಿದ ಬಳಿಕ ಜಾಲಸಾಧನ ಕೆಟ್ಟಿತೆಂಬ ವರದಿಗಳೂ ಇದ್ದುದರಿಂದ ಇಂಟೆಲ್ ಚಿತ್ರಸಾಧನಗಳ ಚಾಲಕದ ಮೇಲೆಯೂ ಸಂಶಯ ಮೂಡಿತ್ತು. ಒಂದರ ಹಿಂದೆ ಒಂದು ನಡೆದ ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಿದ ಈ ಊಹೆಯೂ ನಿಲ್ಲಲಿಲ್ಲ.

5. ಕಾರಣಕ್ಕೆ ಮುನ್ನ ರಕ್ಷಣೆ

ಕಾರಣ ಇನ್ನೂ ತಿಳಿಯದಿದ್ದಾಗ ಕೈಗೊಂಡ ಒಂದು ನಿರ್ಧಾರ ಇಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ಫ್ಲಾಶ್ ಚಿಪ್‌ನ ಜಾಲವಲಯಕ್ಕೆ ಬರೆಯುವ ಅಥವಾ ಅಳಿಸುವ ಎಲ್ಲ ಆದೇಶಗಳನ್ನು ಯಂತ್ರಾಂಶವೇ ತಿರಸ್ಕರಿಸುವಂತೆ ಚಾಲಕವು ಆರಂಭದಲ್ಲಿಯೇ ಬೀಗ ಹಾಕುವ ತಿದ್ದುಪಡಿಯನ್ನು ಇಂಟೆಲ್‌ನ ಅಭಿವೃದ್ಧಿಕಾರರು ರೂಪಿಸಿದರು. ಒಮ್ಮೆ ಹಾಕಿದ ಈ ಬೀಗವನ್ನು ತಂತ್ರಾಂಶದ ಮೂಲಕ ತೆಗೆಯುವಂತಿಲ್ಲ. ಯಂತ್ರವನ್ನು ಪೂರ್ಣವಾಗಿ ಆರಿಸಿ ಮತ್ತೆ ಚಾಲನೆ ಮಾಡಬೇಕು. 2008ರ ಅಕ್ಟೋಬರ್ 9ರಂದು 2.6.27ನೆಯ ಆವೃತ್ತಿ ಅಧಿಕೃತವಾಗಿ ಬಿಡುಗಡೆಯಾದಾಗ ಅದರಲ್ಲಿ ಈ ರಕ್ಷಣೆ ಇತ್ತು, ಆದರೆ ಮೂಲಕಾರಣ ಇನ್ನೂ ಸ್ಪಷ್ಟವಾಗಿರಲಿಲ್ಲ. ಈ ನಡುವೆ ಕೆಲವು ವಿತರಣೆಗಳು ತಮ್ಮ ಪರೀಕ್ಷಾ ಆವೃತ್ತಿಗಳಿಂದ ಚಾಲಕವನ್ನೇ ತಾತ್ಕಾಲಿಕವಾಗಿ ಕೈಬಿಟ್ಟಿದ್ದವು.

ರೋಗನಿದಾನಕ್ಕೆ ಮೊದಲೇ ರೋಗ ಹರಡದಂತೆ ತಡೆಯುವ ವೈದ್ಯಕೀಯ ಕ್ರಮಕ್ಕೆ ಇದನ್ನು ಹೋಲಿಸಬಹುದು. ರಕ್ಷಣೆ ಒದಗಿದುದರಿಂದ ಬಳಕೆದಾರರ ಸಾಧನಗಳು ಉಳಿದವು. ಆದರೆ ಬೀಗ ಹಾಕಿದ ಮಾತ್ರಕ್ಕೆ ಕಳ್ಳ ಸಿಕ್ಕಂತಾಗಲಿಲ್ಲ. ಎಲ್ಲಿಂದಲೋ ಬರುತ್ತಿದ್ದ ಆ ಬರಹವು ಫ್ಲಾಶ್ ವಲಯವನ್ನು ಬಿಟ್ಟು ಇನ್ನಾವುದೇ ಸಾಧನದ ಮೇಲೆ ಬೀಳುವ ಅಪಾಯ ಹಾಗೆಯೇ ಉಳಿದಿತ್ತು.

6. ಮೂಲಕಾರಣ

ದೋಷ ಮರುಕಳಿಸುತ್ತಿದ್ದ ಯಂತ್ರಗಳಲ್ಲಿ ನಡೆದ ಪರೀಕ್ಷೆಗಳು ಕೊನೆಗೆ ಜಾಲಕ್ಕೂ ಸಾಧನಗಳಿಗೂ ಯಾವ ಸಂಬಂಧವೂ ಇಲ್ಲದ ಒಂದು ಭಾಗದತ್ತ ಬೆರಳು ಮಾಡಿದವು. ಅದು 2.6.27ರಲ್ಲಿ ಹೊಸದಾಗಿ ಸೇರಿದ ಎಫ್‌ಟ್ರೇಸ್ ಎಂಬ ಅನುಶೋಧನಾ ವ್ಯವಸ್ಥೆ. ಕರ್ನೆಲ್‌ನ ಒಳಗೆ ಯಾವ ಕಾರ್ಯ ಯಾವಾಗ ನಡೆಯಿತೆಂಬುದನ್ನು ದಾಖಲಿಸಿ ದೋಷಶೋಧನೆಗೆ ನೆರವಾಗುವುದೇ ಅದರ ಉದ್ದೇಶ. ಅದರ ಕರ್ತೃ ಸ್ಟೀವನ್ ರೋಸ್ಟೆಡ್. ದೋಷ ಉಂಟಾದ ಬಗೆಯನ್ನು ವಿವರಿಸಿದವರಲ್ಲಿ ಅವರೇ ಪ್ರಮುಖರು. ಆ ವಿವರಣೆಯ ಹಂತಗಳು ಹೀಗಿವೆ.

ಎಫ್‌ಟ್ರೇಸ್ ಕೆಲಸ ಮಾಡಬೇಕಾದರೆ ಕರ್ನೆಲ್‌ನ ಪ್ರತಿಯೊಂದು ಕಾರ್ಯದ (ಫಂಕ್ಷನ್) ಆರಂಭದಲ್ಲಿ ಎಂಕೌಂಟ್ ಎಂಬ ಕರೆಯೊಂದು ಇರುವಂತೆ ಸಂಕಲಕವು ಸಂಕೇತವನ್ನು ರಚಿಸುತ್ತದೆ. ಅನುಶೋಧನೆ ಬೇಡವಾದಾಗಲೂ ಈ ಕರೆಗಳು ನಡೆಯುತ್ತಿದ್ದರೆ ಕರ್ನೆಲ್ ನಿಧಾನವಾಗುತ್ತದೆ. ಆದ್ದರಿಂದ 5 ಬೈಟ್‌ಗಳ ಆ ಕರೆಯ ಜಾಗದಲ್ಲಿ ಏನನ್ನೂ ಮಾಡದ ಶೂನ್ಯಸೂಚನೆಯನ್ನು ಬರೆದಿಡುವ ವ್ಯವಸ್ಥೆ ಮಾಡಲಾಗಿತ್ತು. ಕರೆಗಳು ಎಲ್ಲೆಲ್ಲಿವೆ ಎಂಬುದು ಮೊದಲೇ ತಿಳಿದಿರುವುದಿಲ್ಲ. ಒಂದು ಕಾರ್ಯವು ಮೊದಲ ಬಾರಿಗೆ ನಡೆದಾಗ ಅದರ ವಿಳಾಸವನ್ನು ಪಟ್ಟಿಯಲ್ಲಿ ಸೇರಿಸಲಾಗುತ್ತಿತ್ತು. ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಒಂದು ಹಿನ್ನೆಲೆ ಕಾರ್ಯಗತಿಯು ಉಳಿದ ಪ್ರೊಸೆಸರ್‌ಗಳನ್ನೆಲ್ಲ ಕ್ಷಣಕಾಲ ತಡೆದು, ಪಟ್ಟಿಯಲ್ಲಿದ್ದ ವಿಳಾಸಗಳಿಗೆ ಹೋಗಿ ಕರೆಗಳನ್ನು ಬದಲಿಸುತ್ತಿತ್ತು.

ಕರ್ನೆಲ್‌ಗೆ ಬೇಕಾದಾಗ ಸೇರಿಸುವ ಮಾಡ್ಯೂಲ್‌ಗಳಲ್ಲಿ ಆರಂಭಕ್ಕೆ ಮಾತ್ರ ಬೇಕಾಗುವ ಭಾಗವೊಂದಿರುತ್ತದೆ. ಅದು ಒಮ್ಮೆ ನಡೆದ ಬಳಿಕ ಅದರ ಜಾಗವನ್ನು ಕರ್ನೆಲ್ ಹಿಂಪಡೆಯುತ್ತದೆ. ಎಕ್ಸ್86 ಪ್ರೊಸೆಸರಿನ 32 ಬಿಟ್ ಕರ್ನೆಲ್‌ನಲ್ಲಿ ಮಾಡ್ಯೂಲ್‌ಗಳಿಗೆ ಜಾಗ ಕೊಡುವ ವಿಳಾಸಪ್ರದೇಶವೂ ಸಾಧನಗಳ ಸ್ಮೃತಿಯನ್ನು ಕರ್ನೆಲ್‌ಗೆ ಕಾಣುವಂತೆ ಜೋಡಿಸುವ ವಿಳಾಸಪ್ರದೇಶವೂ ಒಂದೇ ಆಗಿತ್ತು. ಹೀಗಾಗಿ ಮಾಡ್ಯೂಲೊಂದರ ಆರಂಭಭಾಗವು ಖಾಲಿ ಮಾಡಿದ ವಿಳಾಸದಲ್ಲಿಯೇ, ಕೆಲವೇ ಕ್ಷಣಗಳ ತರುವಾಯ, ಇ1000ಇ ಚಾಲಕವು ತನ್ನ ಫ್ಲಾಶ್ ವಲಯವನ್ನು ಜೋಡಿಸಿಕೊಳ್ಳುವ ಸಾಧ್ಯತೆ ಉಂಟಾಯಿತು. ಎಫ್‌ಟ್ರೇಸಿನ ಪಟ್ಟಿಯಲ್ಲಿ ಮಾತ್ರ ಆ ವಿಳಾಸ ಹಳೆಯ ಕರೆಯ ವಿಳಾಸವಾಗಿಯೇ ಉಳಿದಿತ್ತು.

ಇಂತಹ ಅಪಾಯವನ್ನು ಎಫ್‌ಟ್ರೇಸಿನ ವಿನ್ಯಾಸವು ಮುಂಗಂಡಿರಲಿಲ್ಲವೆಂದು ಹೇಳಲಾಗದು. ವಿಳಾಸದಲ್ಲಿ ನಿರೀಕ್ಷಿತ ಕರೆಯೇ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಬದಲಿಸುವ ‘ಹೋಲಿಸಿ-ವಿನಿಮಯಿಸು’ (ಕಂಪೇರ್-ಎಕ್ಸ್‌ಚೇಂಜ್) ಎಂಬ ಪ್ರೊಸೆಸರ್ ಸೂಚನೆಯನ್ನು ಅದು ಬಳಸುತ್ತಿತ್ತು. ಸಾಮಾನ್ಯ ಸ್ಮೃತಿಯಲ್ಲಿ ಇದು ಸುರಕ್ಷಿತ: ಹೋಲಿಕೆ ವಿಫಲವಾದರೆ ಏನೂ ಬದಲಾಗುವುದಿಲ್ಲ. ಆದರೆ ಎಕ್ಸ್86 ಪ್ರೊಸೆಸರಿನಲ್ಲಿ ಈ ಸೂಚನೆಯು ಹೋಲಿಕೆ ವಿಫಲವಾದಾಗಲೂ ಸುಮ್ಮನಿರುವುದಿಲ್ಲ. ಓದಿದ ಹಳೆಯ ಬೆಲೆಯನ್ನೇ ಮತ್ತೆ ಆ ವಿಳಾಸಕ್ಕೆ ಬರೆಯುತ್ತದೆ. ಸಾಮಾನ್ಯ ಸ್ಮೃತಿಗೆ ಅದೇ ಬೆಲೆಯನ್ನು ಮರಳಿ ಬರೆದರೆ ವ್ಯತ್ಯಾಸವಿಲ್ಲ. ಸಾಧನದ ನಿಯಂತ್ರಣ ವಲಯದಲ್ಲಿ ಬರಹವೆಂಬುದು ಆದೇಶ. ಫ್ಲಾಶ್ ನಿಯಂತ್ರಕಕ್ಕೆ ಹೀಗೆ ಅನುದ್ದೇಶಿತವಾಗಿ ತಲುಪಿದ ಬರಹವೇ ಸ್ಥಿರಸ್ಮೃತಿಯನ್ನು ಕೆಡಿಸಿತು. ತಪ್ಪು ನಡೆಯಬಾರದೆಂದು ಇಟ್ಟ ಪರೀಕ್ಷೆಯೇ ಹಾನಿಯ ಕರಣವಾದುದು ಈ ಪ್ರಕರಣದ ವೈಚಿತ್ರ್ಯ.

ಈ ವಿವರಣೆಯು ಕಂಡುಬಂದ ಲಕ್ಷಣಗಳಿಗೆಲ್ಲ ಉತ್ತರ ನೀಡುತ್ತದೆ. ಒಂದು ಸೆಕೆಂಡಿನ ಅವಧಿಯಲ್ಲಿ ಒಂದೇ ವಿಳಾಸ ಕೈಬದಲಾಗಬೇಕಾಗಿದ್ದುದರಿಂದ ದೋಷ ಅಪರೂಪವಾಗಿತ್ತು. ಎಫ್‌ಟ್ರೇಸಿನ ಈ ಆಯ್ಕೆಯನ್ನು ಒಳಗೊಂಡ ಕರ್ನೆಲ್‌ಗಳಲ್ಲಿ ಮಾತ್ರ ಅದು ಸಂಭವಿಸಬಹುದಾಗಿತ್ತು. ಬೇರೆ ಸಾಧನಗಳ ಮೇಲೆ ಇಂತಹ ಬರಹ ಬಿದ್ದಿದ್ದರೂ ಅದರ ಪರಿಣಾಮ ಮರುಚಾಲನೆಯೊಡನೆ ಅಳಿಸಿಹೋಗಿ ಗಮನಕ್ಕೆ ಬಾರದೆ ಇರುವ ಸಂಭವವಿತ್ತು. ಇ1000ಇ ಸಾಧನದಲ್ಲಿ ಪರಿಣಾಮವು ಸ್ಥಿರಸ್ಮೃತಿಯಲ್ಲಿ ಅಚ್ಚೊತ್ತಿ ಉಳಿಯುತ್ತಿದ್ದುದರಿಂದ ಆ ಚಾಲಕವೇ ಅಪರಾಧಿಯಂತೆ ತೋರಿತು. ವಾಸ್ತವವಾಗಿ ಅದು ಸಾಕ್ಷಿಯಾಗಿತ್ತು.

7. ಪರಿಹಾರ ಮತ್ತು ಪರಿಣಾಮ

2008ರ ಅಕ್ಟೋಬರ್ 15ರಂದು ಹೊರಬಂದ 2.6.27.1ನೆಯ ತಿದ್ದುಪಡಿ ಆವೃತ್ತಿಯಲ್ಲಿ ಎಫ್‌ಟ್ರೇಸಿನ ಈ ಭಾಗವನ್ನು ನಿಷ್ಕ್ರಿಯಗೊಳಿಸಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ 2.6.28ರಲ್ಲಿ ವಿನ್ಯಾಸವೇ ಬದಲಾಯಿತು. ಕರೆಗಳ ವಿಳಾಸಗಳನ್ನು ಚಾಲನೆಯ ವೇಳೆಯಲ್ಲಿ ಸಂಗ್ರಹಿಸುವ ಬದಲು ಕರ್ನೆಲ್ ಸಂಕಲನವಾಗುವಾಗಲೇ ಪಟ್ಟಿಮಾಡಿ ಪ್ರತ್ಯೇಕ ವಿಭಾಗದಲ್ಲಿ ಇಡುವ ಕ್ರಮ ಬಂದಿತು. ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಹಿನ್ನೆಲೆ ಕಾರ್ಯಗತಿಯ ಅಗತ್ಯವೇ ಇಲ್ಲವಾಯಿತು. ಮಾಡ್ಯೂಲ್ ಸೇರಿದೊಡನೆ, ಅದರ ಯಾವ ಕಾರ್ಯವೂ ನಡೆಯುವ ಮೊದಲೇ, ಕರೆಗಳನ್ನು ಬದಲಿಸುವುದರಿಂದ ಹಳೆಯ ವಿಳಾಸಗಳು ಪಟ್ಟಿಯಲ್ಲಿ ಉಳಿಯುವ ಅವಕಾಶ ತಪ್ಪಿತು.

ದೋಷವನ್ನು ತಿದ್ದುವುದಕ್ಕೂ ದೋಷಕ್ಕೆ ಅವಕಾಶವಿತ್ತ ವಿನ್ಯಾಸವನ್ನು ತಿದ್ದುವುದಕ್ಕೂ ಇರುವ ಅಂತರವನ್ನು ಇಲ್ಲಿ ಕಾಣಬಹುದು. ‘ಹೋಲಿಸಿ-ವಿನಿಮಯಿಸು’ ಸೂಚನೆಯನ್ನು ಮಾತ್ರ ಕೈಬಿಟ್ಟಿದ್ದರೆ ಈ ಒಂದು ಹಾನಿ ನಿಲ್ಲುತ್ತಿತ್ತು. ಕಾಲಮೀರಿದ ವಿಳಾಸಗಳ ಪಟ್ಟಿ ಹಾಗೆಯೇ ಉಳಿಯುತ್ತಿತ್ತು. ಹೊಸ ತಳಹದಿಯ ಮೇಲೆ ಬೆಳೆದ ಎಫ್‌ಟ್ರೇಸ್ ಇಂದು ಲಿನಕ್ಸ್ ಕರ್ನೆಲ್‌ನ ಮುಖ್ಯ ಅನುಶೋಧನಾ ಸಾಧನಗಳಲ್ಲಿ ಒಂದಾಗಿದೆ. ಗಣಕವನ್ನು ನಿಲ್ಲಿಸದೆ ಕರ್ನೆಲ್‌ನ ಕಾರ್ಯಗಳನ್ನು ಬದಲಿಸುವ ವ್ಯವಸ್ಥೆಯು 2015ರಲ್ಲಿ 4.0ನೆಯ ಆವೃತ್ತಿಗೆ ಸೇರಿದಾಗ ಅದನ್ನೂ ಎಫ್‌ಟ್ರೇಸಿನ ಆಧಾರದ ಮೇಲೆಯೇ ಕಟ್ಟಲಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕರ್ನೆಲ್‌ನ ಭಾಗಗಳು ಒಂದೇ ವಿಳಾಸಪ್ರದೇಶವನ್ನು ಹಂಚಿಕೊಂಡಿರುವುದರಿಂದ ಹಾನಿಯ ನೆಲೆಯಿಂದ ಕಾರಣದ ನೆಲೆಯನ್ನು ನೇರವಾಗಿ ಊಹಿಸಲಾಗದು. ಮರುಕಳಿಕೆ ಅನಿಶ್ಚಿತವಾಗಿರುವ ದೋಷದಲ್ಲಿ ಅದು ಕಾಣಿಸದಿರುವುದು ಅದು ಇಲ್ಲವೆಂಬುದಕ್ಕೆ ಸಾಕ್ಷ್ಯವಾಗದು. ಶೋಧನೆಯ ದಾರಿಯಲ್ಲಿ ಸಿಗುವ ಇತರ ದೋಷಗಳನ್ನು ತಿದ್ದುವುದು ಅವಶ್ಯಕವಾದರೂ ಅವುಗಳನ್ನು ಮೂಲಕಾರಣವೆಂದು ಒಪ್ಪಿಕೊಳ್ಳಲು ಪ್ರತ್ಯೇಕ ಪ್ರಮಾಣ ಬೇಕು. ಹಾನಿ ಮರಳಿ ಸರಿಪಡಿಸಲಾಗದಂಥದಾದಾಗ ಕಾರಣಕ್ಕಾಗಿ ಕಾಯದೆ ರಕ್ಷಣೆಯನ್ನು ಒದಗಿಸಬೇಕು. ಹಾಗೆಂದು ರಕ್ಷಣೆ ದೊರೆತ ಬಳಿಕ ಕಾರಣದ ಹುಡುಕಾಟವನ್ನು ನಿಲ್ಲಿಸಲೂಬಾರದು.

ಇ1000ಇ ಚಾಲಕವನ್ನು ಸಂಶಯಿಸಿ ಆರಂಭವಾದ ಶೋಧನೆಯು ಆ ಚಾಲಕವನ್ನು ಮೊದಲಿಗಿಂತ ಉತ್ತಮಗೊಳಿಸಿ, ಕೊನೆಗೆ ಅದನ್ನು ದೋಷಮುಕ್ತವೆಂದು ಸಾರಿ ಮುಗಿಯಿತು. ಸ್ಥಿರಸ್ಮೃತಿ ಹೇಗೆ ಕೆಟ್ಟಿತೆಂಬುದನ್ನು ವಿಳಾಸದಿಂದ ವಿಳಾಸಕ್ಕೆ, ಸೂಚನೆಯಿಂದ ಸೂಚನೆಗೆ ಜೋಡಿಸಿ ತೋರಿಸಲು ಸಾಧ್ಯವಾದಾಗಲೇ ಅದು ನಿಜವಾದ ಅರ್ಥದಲ್ಲಿ ಪೂರ್ಣಗೊಂಡಿತು.